ಬಡವರೇ ಹಿಡಿದ ಲೆಕ್ಕ

ಸಮೀಕ್ಷೆಗೆ ಬಂದವರು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳಲ್ಲಿ ಒಂದಕ್ಕೆ ಕೂಲಿಯವರ ಮನೆಯಲ್ಲಿ ಉತ್ತರ ಸಿಗುವುದು ಕಷ್ಟ: ‘ನಿಮ್ಮ ವರ್ಷದ ಆದಾಯ ಎಷ್ಟು?’ ಕಳೆ ತೆಗೆಯುವ ಕಾಲದಲ್ಲಿ ದಿನವೂ ಕೆಲಸ, ಬೇಸಿಗೆಯಲ್ಲಿ ಬರಿಗೈ. ನಡುವೆ ಒಂದು ಆಡು ಮಾರಿದ ದುಡ್ಡು ಬಂತು, ಅದು ಮಗಳ ಬಾಣಂತನಕ್ಕೆ ಹೋಯಿತು. ಕಬ್ಬು ಕಡಿಯಲು ಹೋಗುವ ಮುಂಚೆ ಮುಂಗಡ ತಂದದ್ದುಂಟು. ಅದನ್ನು ಗಳಿಕೆ ಎನ್ನಬೇಕೋ ಸಾಲ ಎನ್ನಬೇಕೋ? ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಕೊನೆಗೆ ಬಂದವರೇ ಒಂದು ಅಂಕಿ ಹೇಳುತ್ತಾರೆ, ಮನೆಯವರು ಹೂಂ ಅನ್ನುತ್ತಾರೆ. ಕರ್ನಾಟಕದಲ್ಲಿ ಆ ಅಂಕಿ 1.20 ಲಕ್ಷ ರೂಪಾಯಿಯ ಒಳಗಿದ್ದರೆ ಬಿಪಿಎಲ್ ಕಾರ್ಡಿಗೆ ದಾರಿ, ದಾಟಿದರೆ ಬಾಗಿಲು ಮುಚ್ಚಿತು. ಅಕ್ಕಿ, ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ ಎಲ್ಲವೂ ಆ ಒಂದು ಹೂಂ ಮೇಲೆ ನಿಂತಿರುತ್ತವೆ.

ಬಡತನದ ಗೆರೆಯನ್ನು ದೂರದಲ್ಲಿ ಕೂತು ಎಳೆದರೆ ಏನಾಗುತ್ತದೆ ಎಂಬುದನ್ನು ದೇಶ 2011ರ ಸೆಪ್ಟೆಂಬರಿನಲ್ಲಿ ನೋಡಿತು. ನಗರದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವವರು ಬಡವರಲ್ಲ ಎಂಬರ್ಥದ ಪ್ರಮಾಣಪತ್ರವನ್ನು ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಕೊಟ್ಟಿತು. ಜನ ಸಿಟ್ಟಾದರು. ಆ ಸಿಟ್ಟಿನ ನಡುವೆ ‘32 ಸಾಲದು, 50 ಆಗಬೇಕು, 100 ಆಗಬೇಕು’ ಎಂಬ ಚೌಕಾಸಿ ನಡೆಯಿತೇ ಹೊರತು, ರೂಪಾಯಿಯಲ್ಲೇ ಅಳೆಯಬೇಕೇ ಎಂದು ಕೇಳಿದವರು ಕಡಿಮೆ. ಆ ಪ್ರಶ್ನೆಯನ್ನು ನಮ್ಮದೇ ದೇಶದ ಅರ್ಥಶಾಸ್ತ್ರಜ್ಞರೊಬ್ಬರು ಅದಕ್ಕೂ ಇಪ್ಪತ್ತಮೂರು ವರ್ಷ ಮೊದಲೇ ಕೇಳಿಯಾಗಿತ್ತು.

ಎನ್.ಎಸ್. ಜೋಧಾ ರಾಜಸ್ಥಾನದ ಎರಡು ಹಳ್ಳಿಗಳನ್ನು 1963–66ರಲ್ಲಿ ಅಧ್ಯಯನ ಮಾಡಿದ್ದರು. 1982–84ರಲ್ಲಿ ಅದೇ ಹಳ್ಳಿಗಳಿಗೆ, ಅದೇ ಮನೆಗಳಿಗೆ ಮತ್ತೆ ಹೋದರು. ಆದಾಯದ ಲೆಕ್ಕ ಹಾಕಿದಾಗ ಕೆಲವು ಕುಟುಂಬಗಳ ತಲಾ ಆದಾಯ ಇಪ್ಪತ್ತು ವರ್ಷಗಳಲ್ಲಿ ಶೇ 5ಕ್ಕಿಂತ ಹೆಚ್ಚು ಕುಸಿದಿತ್ತು. ಆ ಲೆಕ್ಕದ ಪ್ರಕಾರ ಅವರು ಇನ್ನಷ್ಟು ಬಡವರಾಗಿದ್ದರು. ಆದರೆ ಜೋಧಾ ಅಲ್ಲಿಗೇ ಬಿಡಲಿಲ್ಲ. ‘ನಿಮ್ಮ ಬದುಕು ಸುಧಾರಿಸಿದೆಯೇ ಇಲ್ಲವೇ ಎಂದು ನೀವು ಯಾವುದರಿಂದ ತಿಳಿಯುತ್ತೀರಿ?’ ಎಂದು ಆ ಜನರನ್ನೇ ಕೇಳಿದರು. ಅವರು ಹೇಳಿದ ಗುರುತುಗಳು 38. ಆ ಪೈಕಿ 37ರಲ್ಲಿ, ಆದಾಯ ಕುಸಿದ ಅದೇ ಕುಟುಂಬಗಳು ಮೊದಲಿಗಿಂತ ಚೆನ್ನಾಗಿದ್ದವು.

ಆ ಗುರುತುಗಳು ಯಾವುವು ಎಂದು ನೋಡಿದರೆ ಹೊಟ್ಟೆಯೊಳಗೆ ಏನೋ ಕಲಕಿದಂತಾಗುತ್ತದೆ. ದಣಿಯ ಜಾಗದಲ್ಲಿ ಗುಡಿಸಲು ಹಾಕಿಕೊಂಡಿರಬೇಕಾಗಿಲ್ಲ. ಮಗನನ್ನು ದಣಿಯ ಮನೆಗೆ ಆಳಾಗಿ ಬಿಡಬೇಕಾಗಿಲ್ಲ. ಬೇರೆ ಕಡೆ ಕೆಲಸಕ್ಕೆ ಹೋಗಲು ದಣಿಯ ಅಪ್ಪಣೆ ಬೇಕಿಲ್ಲ. ಸುಗ್ಗಿಯ ಮರುದಿನವೇ ಕಾಳು ಮಾರಿಬಿಡುವ ಒತ್ತಡವಿಲ್ಲ. ದನ ಕಟ್ಟುವ ಜಾಗ ಬೇರೆ, ಮನುಷ್ಯರು ಮಲಗುವ ಜಾಗ ಬೇರೆ. ಕಾಲಿಗೆ ಚಪ್ಪಲಿ ಇದೆ. ಇದರಲ್ಲಿ ಯಾವುದನ್ನೂ ‘ತಿಂಗಳ ತಲಾ ವೆಚ್ಚ’ ಎಂಬ ಅಂಕಣದಲ್ಲಿ ತುಂಬಲು ಆಗುವುದಿಲ್ಲ. ಜೀತದ ನೆನಪು ಇನ್ನೂ ಹಸಿಯಾಗಿರುವ ನಮ್ಮ ಊರುಗಳಲ್ಲಿ ಈ ಪಟ್ಟಿಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ದಣಿಯ ಮುಂದೆ ತಲೆ ತಗ್ಗಿಸದೆ ದಿನಕ್ಕೆ ಹತ್ತು ರೂಪಾಯಿ ಕಡಿಮೆ ದುಡಿಯುವುದನ್ನೇ ಮೇಲು ಎಂದುಕೊಂಡವರು ಎಷ್ಟೋ ಮಂದಿ. 1988ರಲ್ಲಿ ಜೋಧಾ ಇದನ್ನು ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟಿಸಿದಾಗ ತಮ್ಮದು ಅಲ್ಪಸಂಖ್ಯಾತ ಅಭಿಪ್ರಾಯ ಎಂದು ಶೀರ್ಷಿಕೆಯಲ್ಲೇ ಹೇಳಿಕೊಂಡಿದ್ದರು.

ಈ ಫಲಿತಾಂಶವನ್ನು ತಪ್ಪಾಗಿ ಓದುವ ಅಪಾಯವಿದೆ. ‘ನೋಡಿ, ಆದಾಯ ಕಡಿಮೆಯಾದರೂ ಬಡವರು ಸುಖವಾಗಿದ್ದಾರೆ’ ಎಂದು ಸರ್ಕಾರಗಳು ಕೈತೊಳೆದುಕೊಳ್ಳಬಹುದು. ಜೋಧಾ ಹೇಳಿದ್ದು ಅದಲ್ಲ. ಬದುಕಿನ ಯಾವ ಭಾಗ ಬದಲಾಯಿತು, ಯಾವುದು ಬದಲಾಗಲಿಲ್ಲ ಎಂಬುದು ಅದನ್ನು ಬದುಕುವವರಿಗೆ ಗೊತ್ತು. ಅವರನ್ನು ಕೇಳದೆ ಮಾಡಿದ ಅಳತೆ ಅರ್ಧ ಅಳತೆ. ಇಷ್ಟೇ.

ಕೇಳುವುದಾದರೂ ಹೇಗೆ? ಇಲ್ಲಿ ಕರ್ನಾಟಕದ್ದೇ ಒಂದು ಕೊಡುಗೆ ಇದೆ. ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ, ಬೆಂಗಳೂರಿನ ಮೈರಾಡ ಸಂಸ್ಥೆ ಮುಂದೆ ಹಳ್ಳಿಗಳ ಕಡೆ ತಿರುಗಿತು. ಇಂದು ಊರೂರಿನಲ್ಲಿರುವ ಸ್ವಸಹಾಯ ಸಂಘಗಳ ಮೊದಲ ರೂಪಗಳು 1980ರ ದಶಕದ ನಡುವಿನಲ್ಲಿ ಮೂಡಿದ್ದು ಅದರ ಕೆಲಸದೊಳಗಿಂದಲೇ. ಆ ದಶಕ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಹೈದರಾಬಾದಿನಲ್ಲಿದ್ದರು. ಅವರೂ ಮೈರಾಡದವರೂ ಇನ್ನೂ ಅನೇಕ ಸಂಸ್ಥೆಗಳವರೂ ಸೇರಿ ‘ಸಹಭಾಗಿತ್ವದ ಗ್ರಾಮೀಣ ಅಧ್ಯಯನ’ ಎಂಬ ವಿಧಾನವನ್ನು ಹಳ್ಳಿಯ ಅಂಗಳಗಳಲ್ಲಿ ತಿದ್ದಿ ತೀಡಿದರು. ಅಭಿವೃದ್ಧಿ ಕೆಲಸದವರ ಬಾಯಲ್ಲಿ ಅದು ‘ಪಿಆರ್‌ಎ’.

ವಿಧಾನ ಸರಳ. ಊರ ಜನ ನೆಲದ ಮೇಲೆ ರಂಗೋಲಿ ಪುಡಿ, ಬೂದಿ, ಇಟ್ಟಿಗೆ ಚೂರುಗಳಿಂದ ತಮ್ಮೂರಿನ ನಕ್ಷೆ ಬರೆಯುತ್ತಾರೆ. ಪ್ರತಿ ಮನೆಗೂ ಒಂದು ಗುರುತು. ಮನೆಯಲ್ಲಿ ಎಷ್ಟು ಜನ, ಯಾರು ದುಡಿಯಲು ಹೋಗಿದ್ದಾರೆ, ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದಕ್ಕೆ ಹುಣಸೆಬೀಜ, ಜೋಳದ ಕಾಳು, ಕಡ್ಡಿ. ಮುಂದಿನದು ಚೀಟಿಗಳ ಕೆಲಸ: ಒಂದೊಂದು ಚೀಟಿಯಲ್ಲಿ ಒಂದೊಂದು ಕುಟುಂಬದ ಹೆಸರು. ಊರನ್ನು ಬಲ್ಲ ನಾಲ್ಕಾರು ಜನ ಕೂತು ಆ ಚೀಟಿಗಳನ್ನು ಗುಡ್ಡೆ ಮಾಡುತ್ತಾರೆ. ಎಷ್ಟು ಗುಡ್ಡೆ, ಯಾವ ಗುಡ್ಡೆಗೆ ಏನು ಹೆಸರು ಎಂಬುದು ಅವರದೇ ತೀರ್ಮಾನ. ಚೀಟಿಯೊಂದು ಕೈಯಿಂದ ಕೈಗೆ ಹೋಗುವಾಗ ನಡೆಯುವ ಮಾತೇ ನಿಜವಾದ ಸಂಶೋಧನೆ. ‘ಅವರಿಗೆ ಮೂರು ಎಕರೆ ಇದೆ ಕಣ್ರೀ.’ ‘ಇದ್ದರೇನು, ಉಳುವವರು ಯಾರು? ಗಂಡ ಹೋಗಿ ಎರಡು ವರ್ಷ ಆಯ್ತು.’ ಚೀಟಿ ಮೇಲಿನ ಗುಡ್ಡೆಯಿಂದ ಕೆಳಗಿನದಕ್ಕೆ ಬರುತ್ತದೆ. ಪಹಣಿ ನೋಡಿದ ಅಧಿಕಾರಿಗೆ ಮೂರು ಎಕರೆ ಕಾಣುತ್ತದೆ, ಆ ಮನೆಯಲ್ಲಿ ದುಡಿಯುವ ಕೈ ಇಲ್ಲದ್ದು ಕಾಣುವುದಿಲ್ಲ.

ಊರೆಂಬುದು ಒಂದೇ ಕುಟುಂಬವಲ್ಲ, ನಿಜ. ನಕ್ಷೆಯನ್ನು ಅರಳಿಕಟ್ಟೆಯ ಮುಂದೆ ಬರೆಸಿದರೆ, ಆ ಕಟ್ಟೆಯ ಬಳಿ ಕೂರಲಾಗದವರ ಕೇರಿ ನಕ್ಷೆಯ ಅಂಚಿನಲ್ಲಿ ಒಂದು ಚುಕ್ಕೆಯಾಗಿ ಉಳಿಯುತ್ತದೆ, ಕೆಲವೊಮ್ಮೆ ಆ ಚುಕ್ಕೆಯೂ ಬೀಳುವುದಿಲ್ಲ. ಗಂಡಸರು ಬರೆದ ನಕ್ಷೆಯಲ್ಲಿ ರಸ್ತೆ, ದೇವಸ್ಥಾನ, ಬ್ಯಾಂಕು ದೊಡ್ಡದಾಗಿರುತ್ತವೆ. ಹೆಂಗಸರು ಬೇರೆ ಕೂತು ಬರೆದಾಗ ನೀರಿನ ಜಾಗ, ಕತ್ತಲಲ್ಲಿ ಬಯಲಿಗೆ ಹೋಗುವ ದಾರಿ, ಸಾರಾಯಿ ಸಿಗುವ ಮೂಲೆ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಈ ವಿಧಾನವನ್ನು ಗೌರವದಿಂದ ಬಳಸುವವರು ಮೊದಲು ಕೇರಿಗೆ ಹೋಗುತ್ತಾರೆ, ಹೆಂಗಸರ ಜೊತೆ ಬೇರೆ ಕೂರುತ್ತಾರೆ, ಒಂದಕ್ಕಿಂತ ಹೆಚ್ಚು ನಕ್ಷೆ ಬರೆಸುತ್ತಾರೆ. ಅಷ್ಟು ತಾಳ್ಮೆ ಇಲ್ಲದವರು ಅರ್ಧ ದಿನದಲ್ಲಿ ಫೋಟೊ ತೆಗೆದುಕೊಂಡು ಹೋಗಿ ‘ಸಮುದಾಯದ ಸಹಭಾಗಿತ್ವ’ ಎಂದು ವರದಿ ಬರೆದದ್ದೂ ಬೇಕಾದಷ್ಟಿದೆ. ಈ ವಿಧಾನಕ್ಕೆ ಬಂದ ಕೆಟ್ಟ ಹೆಸರಿನ ಬಹುಪಾಲು ಅಂಥವರಿಂದಲೇ ಬಂದದ್ದು ಎಂದು ನನ್ನ ನಂಬಿಕೆ.

ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದವರು ಅನಿರುದ್ಧ ಕೃಷ್ಣ. ಹದಿನಾಲ್ಕು ವರ್ಷ ಐಎಎಸ್ ಅಧಿಕಾರಿಯಾಗಿದ್ದು, ಬಳಿಕ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. ಅವರು ಹಳ್ಳಿಯ ಜನರನ್ನು ಒಟ್ಟು ಸೇರಿಸಿ ಕೇಳಿದ್ದು ಹೀಗೆ: ಏನೂ ಇಲ್ಲದ ಮನೆಯೊಂದಕ್ಕೆ ಸ್ವಲ್ಪ ದುಡ್ಡು ಬಂದರೆ ಮೊದಲು ಏನು ಮಾಡುತ್ತಾರೆ? ಇನ್ನೂ ಸ್ವಲ್ಪ ಬಂದರೆ? ಆಮೇಲೆ? ಎಲ್ಲ ಕಡೆಯೂ ಮೊದಲ ಉತ್ತರ ಒಂದೇ, ಊಟ. ರಾಜಸ್ಥಾನದ ಹಳ್ಳಿಗಳಲ್ಲಿ ಅದರ ಹಿಂದೆ ಮಕ್ಕಳ ಶಾಲೆ, ಮನೆಯಿಂದಾಚೆ ಉಟ್ಟು ಹೋಗುವಂಥ ಬಟ್ಟೆ, ಸಾಲದ ಕಂತು ಬಂದವು. ಸೋರುವ ಸೂರಿನ ರಿಪೇರಿ ಕೆಲವು ಪ್ರದೇಶಗಳಲ್ಲಿ ಇನ್ನೂ ಮುಂಚೆ ಬಂತು. ಯಾವ ಮೆಟ್ಟಿಲು ದಾಟಿದರೆ ಆ ಮನೆಯನ್ನು ಬಡವರ ಮನೆ ಎನ್ನುವುದಿಲ್ಲ ಎಂಬುದನ್ನೂ ಊರವರೇ ಹೇಳಿದರು.

ಮುಂದಿನ ಕೆಲಸ ನನಗೆ ತುಂಬ ಹಿಡಿಸಿದ್ದು. ಪ್ರತಿ ಮನೆ ಇಂದು ಯಾವ ಮೆಟ್ಟಿಲಲ್ಲಿದೆ, ಇಪ್ಪತ್ತೈದು ವರ್ಷದ ಹಿಂದೆ ಎಲ್ಲಿತ್ತು ಎಂದು ಕೇಳಬೇಕು. ‘ಇಪ್ಪತ್ತೈದು ವರ್ಷದ ಹಿಂದೆ’ ಎಂದರೆ ಯಾರಿಗೆ ನೆನಪಿರುತ್ತದೆ? ಅದಕ್ಕೆ ಅವರು ಹಿಡಿದ ಗೂಟ 1975–77ರ ತುರ್ತು ಪರಿಸ್ಥಿತಿ. ‘ಎಮರ್ಜೆನ್ಸಿ ಕಾಲದಲ್ಲಿ ಆ ಮನೆ ಹೇಗಿತ್ತು?’ ಎಂದರೆ ಮುದುಕರು ಥಟ್ಟನೆ ಹೇಳುತ್ತಿದ್ದರು. ಊರೆಲ್ಲ ಕೂತಿರುವಾಗ ಒಬ್ಬರು ತಪ್ಪು ಹೇಳಿದರೆ ಇನ್ನೊಬ್ಬರು ತಿದ್ದುತ್ತಾರೆ. ಆಮೇಲೆ ಮನೆಮನೆಗೂ ಹೋಗಿ ಪರಿಶೀಲಿಸಿ, ಏರಿದ್ದು ಯಾಕೆ, ಇಳಿದದ್ದು ಯಾಕೆ ಎಂದು ಕೂತು ಕೇಳಲಾಯಿತು.

ಆಂಧ್ರಪ್ರದೇಶದ 36 ಹಳ್ಳಿಗಳಲ್ಲಿ ಹೀಗೆ ಕೇಳಿದಾಗ ಆ ಅವಧಿಯಲ್ಲಿ ಶೇ 14ರಷ್ಟು ಕುಟುಂಬಗಳು ಬಡತನದಿಂದ ಹೊರಬಂದಿದ್ದವು, ಶೇ 12ರಷ್ಟು ಕುಟುಂಬಗಳು ಹೊಸದಾಗಿ ಬಡತನಕ್ಕೆ ಬಿದ್ದಿದ್ದವು. ಈ ಎರಡು ಅಂಕಿಗಳ ಮುಂದೆ ಸ್ವಲ್ಪ ನಿಲ್ಲಬೇಕು. ಸರ್ಕಾರಿ ಲೆಕ್ಕ ಎಣಿಸುವುದು ಒಟ್ಟು ಬಡವರನ್ನು. ಅದರ ಕಣ್ಣಿಗೆ ಇಲ್ಲಿ ಆದದ್ದು ಬರೀ ಎರಡಂಶದ ಇಳಿಕೆ. ನೂರರಲ್ಲಿ ಇಪ್ಪತ್ತಾರು ಮನೆಗಳ ಬದುಕು ಅಡಿಮೇಲಾದದ್ದು ಆ ಎರಡಂಶದ ಹಿಂದೆ ಮರೆಯಾಗುತ್ತದೆ. ಏರಿದವರು ಏರಿದ್ದಕ್ಕೆ ಕಾರಣ ಬೇರೆ: ಪಟ್ಟಣದಲ್ಲಿ ಸಿಕ್ಕ ಸಣ್ಣ ಕೆಲಸ, ಜಮೀನಿಗೆ ಬಂದ ನೀರು, ಮನೆಗೊಂದು ಎರಡನೆಯ ಸಂಪಾದನೆ. ಬಿದ್ದವರು ಬಿದ್ದದ್ದಕ್ಕೆ ಕಾರಣ ಬೇರೆಯೇ. ಹೀಗಿರುವಾಗ ಏರುವವರಿಗೆ ಏಣಿ ಕೊಟ್ಟ ಯೋಜನೆ, ಜಾರುತ್ತಿರುವವರ ಕೈ ಹಿಡಿಯುವುದಿಲ್ಲ.

ಬಿದ್ದವರ ಕಥೆಗಳಲ್ಲಿ ಮತ್ತೆ ಮತ್ತೆ ಮೊದಲು ಬಂದದ್ದು ಕಾಯಿಲೆ. ಮನೆಯಲ್ಲೊಬ್ಬರು ಮಲಗಿದರು, ಆಸ್ಪತ್ರೆಗೆ ಸಾಲ ಮಾಡಿದರು, ದುಡಿಯುವವರು ನೋಡಿಕೊಳ್ಳಲು ಕೂತರು, ಎತ್ತು ಮಾರಿದರು, ಕೊನೆಗೆ ಹೊಲ ಹೋಯಿತು. ಜೊತೆಗೆ ಮದುವೆ, ತಿಥಿಯ ಖರ್ಚು, ಮೀಟರ್ ಬಡ್ಡಿ. ಊರ ಹೊರಗಿನವರು ಬಡತನಕ್ಕೆ ಮೊದಲ ಕಾರಣವೆಂದು ಹೇಳುವ ಕುಡಿತ, ಸೋಮಾರಿತನ ಈ ಲೆಕ್ಕದಲ್ಲಿ ಕಂಡದ್ದು ತೀರಾ ವಿರಳವಾಗಿ. 2010ರಲ್ಲಿ ಬಂದ ಕೃಷ್ಣ ಅವರ ಪುಸ್ತಕದ ಹೆಸರೇ ‘ಒನ್ ಇಲ್‌ನೆಸ್ ಅವೇ’. ಬಡತನ ಒಂದು ಕಾಯಿಲೆಯಷ್ಟೇ ದೂರ ಎಂದು ಅದರರ್ಥ. ಇದನ್ನು ಓದಿದ ಮೇಲೆ, ‘ಕುಡಿದು ಹಾಳಾದರು’ ಎಂಬ ಮಾತನ್ನು ಯಾರಾದರೂ ಸಲೀಸಾಗಿ ಆಡಿದಾಗ ನನಗೆ ಸುಮ್ಮನಿರಲಾಗುವುದಿಲ್ಲ.

ಕರ್ನಾಟಕದಲ್ಲಿ 2003ರ ಯಶಸ್ವಿನಿ, 2010ರ ವಾಜಪೇಯಿ ಆರೋಗ್ಯಶ್ರೀ ಇಂಥ ಬೀಳುವಿಕೆಯನ್ನು ತಡೆಯಲು ಹೊರಟ ಯೋಜನೆಗಳೇ, ಅವುಗಳಿಂದ ಉಳಿದ ಜೀವಗಳೂ ಇವೆ. ಆದರೆ ಅವು ಮುಖ್ಯವಾಗಿ ನೋಡಿಕೊಂಡದ್ದು ಶಸ್ತ್ರಚಿಕಿತ್ಸೆ ಮತ್ತು ದೊಡ್ಡಾಸ್ಪತ್ರೆಯ ಬಿಲ್ಲು. ಊರವರ ಲೆಕ್ಕದಲ್ಲಿ ಕಾಯಿಲೆ ಎಂದರೆ ದಿನದಿನದ ಮಾತ್ರೆ, ಜಿಲ್ಲಾಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜು, ಜೊತೆಗೆ ಹೋದವರ ಕೂಲಿ ನಷ್ಟ. ಶಸ್ತ್ರಚಿಕಿತ್ಸೆ ಪುಕ್ಕಟೆಯಾದರೂ ಎತ್ತು ಮಾರಿಹೋಗುವುದು ಇಂಥ ಚಿಲ್ಲರೆ ಖರ್ಚುಗಳಿಂದ.

ಇದೇ ಕೃಷ್ಣ 2010ರಲ್ಲಿ ಬೆಂಗಳೂರಿನ 14 ಕೊಳಗೇರಿಗಳನ್ನು ಅಧ್ಯಯನ ಮಾಡಿದರು. ಅಲ್ಲಿನ ಹೆಚ್ಚಿನವರು ಹೊಸದಾಗಿ ಬಂದವರಲ್ಲ, ತಲೆಮಾರುಗಳಿಂದ ಇದ್ದವರು. ಅಪ್ಪನ ಕೆಲಸಕ್ಕಿಂತ ಮಗನ ಕೆಲಸ ಹೆಚ್ಚೇನೂ ಮೇಲೇರಿರಲಿಲ್ಲ. ಹಾಗಾದರೆ ಹಳ್ಳಿ ಬಿಟ್ಟು ಇತ್ತೀಚೆಗೆ ಬಂದವರು ಎಲ್ಲಿದ್ದಾರೆ? ಅವರನ್ನು ಹುಡುಕಲು ಉಪಗ್ರಹದ ಚಿತ್ರ ನೋಡಬೇಕಾಯಿತು. ಮೇಲಿಂದ ನಗರದ ತುಂಬ ಅಲ್ಲಲ್ಲಿ ನೀಲಿ ತೇಪೆಗಳು ಕಂಡವು. ತಾಡಪತ್ರಿ ಹೊದಿಸಿದ ಜೋಪಡಿಗಳವು. ಹತ್ತಿರ ಹೋಗಿ ಕೇಳಿದರೆ ಉತ್ತರ ಕರ್ನಾಟಕದ ಬರಸೀಮೆಯಿಂದ ಗುಳೆ ಬಂದವರು, ಕಟ್ಟಡ ಕೆಲಸದವರು.

ಕೊಳಗೇರಿ ಎಂದು ಘೋಷಣೆಯಾದ ಜಾಗಕ್ಕೆ 1973ರ ಕಾಯ್ದೆಯಡಿ ನೀರು, ಚರಂಡಿ, ದೀಪ ಕೇಳುವ ದಾರಿಯಿದೆ. ನೀಲಿ ಜೋಪಡಿಗಳು ಆ ಪಟ್ಟಿಯಲ್ಲೇ ಇರಲಿಲ್ಲ. ಜಾಗದವರಿಗೆ ಬಾಡಿಗೆ, ನೀರಿಗೆ ಕೊಡದ ಲೆಕ್ಕದಲ್ಲಿ ದುಡ್ಡು, ರೇಷನ್ ಕಾರ್ಡು ಮಾತ್ರ ಊರಲ್ಲಿ. ಐಟಿ ನಗರದ ಗೋಡೆಗಳನ್ನು ಎತ್ತಿದವರು ಆಕಾಶದಿಂದ ಕಂಡರು, ವಾರ್ಡ್ ಕಚೇರಿಯಿಂದ ಕಾಣಲಿಲ್ಲ.

ಎಣಿಸುವವರೇ ಅಪರಾಧಿಗಳಾದರೆ? ಮಲ ಹೊರುವ ಪದ್ಧತಿಯ ಲೆಕ್ಕದಲ್ಲಿ ಆದದ್ದು ಇದು. 1993ರಲ್ಲಿ ಅದನ್ನು ನಿಷೇಧಿಸುವ ಕಾನೂನು ಬಂತು. ಅಂದಿನಿಂದ ‘ನಮ್ಮಲ್ಲಿ ಇದು ಇಲ್ಲ’ ಎನ್ನುವುದು ಅಧಿಕಾರಿಗಳಿಗೆ ಕ್ಷೇಮದ ಉತ್ತರವಾಯಿತು; ಇದೆ ಎಂದರೆ ತಪ್ಪೊಪ್ಪಿಕೊಂಡಂತೆ. ಕೋಲಾರ ಚಿನ್ನದ ಗಣಿಯ ಕೆಜಿಎಫ್‌ನಲ್ಲಿ, ಇದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಆ ‘ಇಲ್ಲ’ಕ್ಕೆ ಉತ್ತರವಾಗಿ ಹಿಡಿದದ್ದು ಕ್ಯಾಮೆರಾ ಮತ್ತು ನೋಟ್‌ಬುಕ್. ಅವರೂ ಸಂಗಾತಿಗಳೂ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನದ ಜನ ಊರೂರಿಗೆ ಹೋಗಿ ಒಣ ಶೌಚಾಲಯಗಳನ್ನು ಹುಡುಕಿದರು, ಅಲ್ಲಿ ಪೊರಕೆ ಬುಟ್ಟಿ ಹಿಡಿದ ಹೆಂಗಸರ ಹೆಸರು ಬರೆದುಕೊಂಡರು. 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ರಾಜ್ಯಗಳು ಇಲ್ಲ ಎಂದು ಪ್ರಮಾಣ ಮಾಡಿದಾಗಲೆಲ್ಲ ಫೋಟೊ, ಹೆಸರು, ಊರು ತಂದಿಟ್ಟರು. ಹನ್ನೊಂದು ವರ್ಷ. 2014ರ ಮಾರ್ಚ್ 27ರಂದು ತೀರ್ಪು ಬಂತು: 1993ರಿಂದೀಚೆಗೆ ಮ್ಯಾನ್‌ಹೋಲು, ಶೌಚಗುಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ. 2023ರ ಅಕ್ಟೋಬರಿನಲ್ಲಿ ನ್ಯಾಯಾಲಯ ಅದನ್ನು 30 ಲಕ್ಷಕ್ಕೆ ಏರಿಸಿತು, ಹೊಸದಾಗಿ ರಾಷ್ಟ್ರಮಟ್ಟದ ಸಮೀಕ್ಷೆ ನಡೆಸಿ ಎಂದೂ ಹೇಳಿತು.

ಸಮೀಕ್ಷೆ ಬೇಕೆಂದು ಹೇಳಬೇಕಾಗಿ ಬಂದದ್ದು ಯಾಕೆಂದರೆ, ಇದ್ದ ಅಂಕಿಗಳು ಒಂದಕ್ಕೊಂದು ಮುಖ ಕೊಡುವುದಿಲ್ಲ. ಮನುಷ್ಯರೇ ಮಲ ಎತ್ತುವ 7.94 ಲಕ್ಷ ಶೌಚಾಲಯಗಳಿವೆ ಎಂದು 2011ರ ಜನಗಣತಿ ಹೇಳಿತು. ಆ ಕೆಲಸ ಮಾಡುವವರೆಂದು 2013 ಮತ್ತು 2018ರ ಸಮೀಕ್ಷೆಗಳಲ್ಲಿ ಸರ್ಕಾರ ಗುರುತಿಸಿದ್ದು ದೇಶದಲ್ಲೆಲ್ಲ 58,098 ಜನರನ್ನು. ಕರ್ನಾಟಕದ ಗ್ರಾಮೀಣ ಪ್ರದೇಶದಲ್ಲೇ ಇಂಥ 15,375 ಕುಟುಂಬಗಳಿವೆ ಎಂದಿತ್ತು 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿ. ಸರ್ಕಾರ ಗುರುತಿಸಿದವರ ಪಟ್ಟಿಯಲ್ಲಿ ರಾಜ್ಯದಿಂದ ಉಳಿದದ್ದು 2,927 ಜನ. ಒಂದೊಂದು ಗಣತಿಯ ವ್ಯಾಪ್ತಿ ಒಂದೊಂದು ಬಗೆ ಎಂದು ಒಪ್ಪಿಕೊಂಡರೂ ಈ ಅಂತರ ವಿವರಿಸಲು ಬರುವುದಿಲ್ಲ. ಸರ್ಕಾರದ ಆ ಸಮೀಕ್ಷೆಗಳಲ್ಲಿ ಹೆಸರು ಸೇರಬೇಕೆಂದರೆ, ಶಿಬಿರಕ್ಕೆ ತಾವಾಗಿ ಬಂದು ‘ನಾನು ಈ ಕೆಲಸ ಮಾಡುತ್ತೇನೆ’ ಎಂದು ನಾಲ್ಕು ಜನರ ಮುಂದೆ ಹೇಳಬೇಕಿತ್ತು, ಅದನ್ನು ಸ್ಥಳೀಯ ಆಡಳಿತ ಒಪ್ಪಬೇಕಿತ್ತು. ಒಪ್ಪಿದರೆ ಆ ಆಡಳಿತವೇ ಕಾನೂನು ಮುರಿದಂತೆ. ಪುನರ್ವಸತಿಯ ಹಣ ಪಟ್ಟಿಯಲ್ಲಿದ್ದವರಿಗೆ ಮಾತ್ರ.

2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಕೆಲವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ದಶಕಗಳಿಂದ ಇದ್ದ ಜಾಗದಿಂದ ಅವರನ್ನು ಎಬ್ಬಿಸಲು ಹೊರಟಿದ್ದರು. ಆ ದೃಶ್ಯದಿಂದ ನಾಡು ಬೆಚ್ಚಿತು. ಅವರು ಅಲ್ಲಿದ್ದಾರೆ ಎಂದು ನಾಡಿಗೆ ತಿಳಿದದ್ದು ಅಂದು. ಅದಕ್ಕೂ ಮುನ್ನ ಎಷ್ಟು ಸಮೀಕ್ಷೆಗಳು ಆ ಪಟ್ಟಣವನ್ನು ಹಾದುಹೋಗಿದ್ದವೋ.

ಇಷ್ಟು ಹೇಳಿದ ಮೇಲೆ, ಬಡವರ ಬೀದಿಗಳಲ್ಲಿ ಸಮೀಕ್ಷೆಯೆಂದರೆ ಜನ ಯಾಕೆ ಬೇಸತ್ತಿದ್ದಾರೆ ಎಂಬುದನ್ನೂ ಹೇಳಬೇಕು. ಸಮಾಜಕಾರ್ಯದ ವಿದ್ಯಾರ್ಥಿಗಳು ಬರುತ್ತಾರೆ, ಸಂಸ್ಥೆಯವರು ಬರುತ್ತಾರೆ, ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರು, ಶಾಲೆಯ ಮೇಷ್ಟ್ರು, ಎಲ್ಲರ ಕೈಯಲ್ಲೂ ಒಂದು ಫಾರಂ ಅಥವಾ ಒಂದು ಆ್ಯಪ್. ಆಧಾರ್ ಜೆರಾಕ್ಸ್ ಕೊಟ್ಟು ಕೊಟ್ಟು ಸಾಕಾಗಿದೆ. ಈ ಸಲ ಬಂದವರು ಹಕ್ಕುಪತ್ರ ಕೊಡಿಸುವವರೋ ಎಬ್ಬಿಸುವವರೋ ತಿಳಿಯದು. ಹಾಗಾಗಿ ಟಿವಿಯನ್ನು ಇಲ್ಲ ಎನ್ನುತ್ತಾರೆ, ಹಸುವಿನ ಲೆಕ್ಕದಲ್ಲಿ ಒಂದು ಕಡಿಮೆ ಹೇಳುತ್ತಾರೆ. ಇದನ್ನು ಸುಳ್ಳು ಎಂದು ಜರಿಯುವ ಸಂಶೋಧಕರ ಮೇಲೆ ನನಗೆ ಕನಿಕರವಿಲ್ಲ. ಒಂದು ಉತ್ತರದಿಂದ ತಿಂಗಳ ಅಕ್ಕಿ ನಿಲ್ಲಬಹುದಾದ ಮನೆಯಲ್ಲಿ ಯಾರಾದರೂ ಹಾಗೆಯೇ ಉತ್ತರಿಸುತ್ತಾರೆ.

ಆ ಬೇಸರಕ್ಕೆ ಮದ್ದು ಏನೆಂಬುದನ್ನು ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರ್ 2ರಂದು ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ತೋರಿಸಿತು. ಪಂಚಾಯಿತಿ ಕೆಲಸಗಳ ಕಾಗದ, ನಮ್ಮಲ್ಲಿ ಎನ್‌ಎಂಆರ್ ಎನ್ನುವ ಹಾಜರಿ ಪಟ್ಟಿ, ಬಿಲ್ಲು ಎಲ್ಲವನ್ನೂ ಊರವರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸ ಮಾಡದವರ ಹೆಸರು, ಕಟ್ಟದ ಕಟ್ಟಡದ ಖರ್ಚು ಬಂದಾಗ ಜನ ಎದ್ದು ನಿಂತು ಹೇಳಿದರು. ಮಾಹಿತಿ ಹಕ್ಕಿನ ಕಾಯ್ದೆಗೂ, 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಮಿನಲ್ಲಿ ಗ್ರಾಮಸಭೆಗೆ ಸಿಕ್ಕ ಸಾಮಾಜಿಕ ಪರಿಶೋಧನೆಗೂ ಬೇರು ‘ಜನಸುನವಾಯಿ’ ಎಂಬ ಅಂಥ ಬಹಿರಂಗ ವಿಚಾರಣೆಗಳಲ್ಲಿದೆ. ಅಲ್ಲಿ ಮಾಹಿತಿ ಊರಿನಿಂದ ಹೊರಗೆ ಹೋಗಲಿಲ್ಲ, ಊರೊಳಗೆ ಬಂತು. ಓದು ಬಾರದವರೂ ಕೇಳಿ, ತಿದ್ದಿ, ಸಾಕ್ಷಿ ಹೇಳಬಹುದಾಗಿತ್ತು.

ಅಂಗಳದಲ್ಲಿ ರಂಗೋಲಿ ಪುಡಿಯಿಂದ ಬರೆದ ನಕ್ಷೆ ಸಂಜೆಯ ಹೊತ್ತಿಗೆ ಮೇದು ಬಂದ ಆಡುಕುರಿಗಳ ಕಾಲಡಿ ಅಳಿಸಿಹೋಗುತ್ತದೆ. ಅದಕ್ಕೆ ಮುಂಚೆಯೇ ಯಾರಾದರೂ ಅದನ್ನು ಹಾಳೆಗೆ ಇಳಿಸಬೇಕು. ಈ ಕೆಲಸವನ್ನು ಚೆನ್ನಾಗಿ ಬಲ್ಲವರು ಎರಡು ಪ್ರತಿ ಮಾಡಿಸುತ್ತಾರೆ. ಒಂದು ಬಂದವರ ಚೀಲದಲ್ಲಿ ಹೋಗುತ್ತದೆ. ಇನ್ನೊಂದು ಹೆಂಗಸರ ಸಂಘದ ಟ್ರಂಕಿನಲ್ಲಿ, ಪಾಸ್‌ಬುಕ್ಕುಗಳ ಕೆಳಗೆ ಮಡಚಿಕೊಂಡಿರುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಬೀದಿನಲ್ಲಿ ಯಾವ ಕೇರಿಗೆ ಎಂಬ ಮಾತೆದ್ದಾಗ ಅದನ್ನು ತಂದು ಮೇಜಿನ ಮೇಲೆ ಬಿಚ್ಚಿ ಹಾಸುತ್ತಾರೆ.